ಬಾಗಿಲ ತನಕ ಬಂದವರು

ಜಿಮ್ಮಿನ ಹೊರಗೆ ಬಿಟ್ಟಿದ್ದ ಚಪ್ಪಲಿ, ಬೂಟುಗಳನ್ನೇ ನೋಡುತ್ತ ನಿಂತಿದ್ದ ಹೆಂಗಸೊಬ್ಬರು, ನಾನು ಬೈಕ್ ನಿಲ್ಲಿಸುವಷ್ಟರಲ್ಲಿ ತಿರುಗಿ ಹೊರಟೇಬಿಟ್ಟರು. ನೋಡಿದರೆ ಮಹಾದೇವಿ ಅಕ್ಕ. ಶುಗರ್ ಇಳಿಸಲೆಂದು ಹಳಿಯಾಳದ ನಮ್ಮ ಜಿಮ್ಮಿಗೆ ಸೇರಿ ಎರಡು ತಿಂಗಳಾಗಿತ್ತು. ಒಳಗೆ ಬಂದದ್ದು ಮೂರೇ ದಿನ. ಬಾರದವರಿಗೆ ಫೋನ್ ಮಾಡಿ ಕರೆಯುವುದು ತರಬೇತುದಾರನಾದ ನನ್ನ ಕೆಲಸ. ಅವವೇ ನೆಪಗಳನ್ನು ಕೇಳಿ ಕೇಳಿ ಸಾಕಾಗಿತ್ತು. ಆ ಬೇಸರದಲ್ಲೇ ಕೇಳಿದೆ:

"ಯಾಕ್ರಿ ಅಕ್ಕಾ, ಇಲ್ಲೀತನಕ ಬಂದು ಹಂಗ ಹೊಂಟ್ರಿ?"

"ದಿನಾ ಬರ್ತೇನ್ರಿ ಸರ್. ಹೊರಗ ಬರೇ ಗಂಡಸರ ಚಪ್ಪಲಿ ಕಂಡ್ರ ಒಳಗ ಬರಾಕ ಕಾಲ ಏಳೂದಿಲ್ರಿ. ಒಂದರ ಹೆಣ್ಮಕ್ಕಳದು ಇದ್ರ ಬರ್ತೇನಿ."

ನೆಲ ಹೊಲಸಾಗುತ್ತದೆಂದು ಎಲ್ಲರ ಚಪ್ಪಲಿಯನ್ನೂ ಹೊರಗೆ ಬಿಡಿಸುತ್ತಿದ್ದವನು ನಾನೇ. ದಿನವೂ ಬಾಗಿಲ ತನಕ ನಡೆದು ಬರುತ್ತಿದ್ದವರನ್ನು ಸೋಮಾರಿ ಎಂದುಕೊಂಡವನೂ ನಾನೇ.

ಮರುದಿನ ಗೊಣಗುತ್ತಿದ್ದ ಹೆಂಡತಿಯನ್ನು ಜಿಮ್ಮಿಗೆ ಕರೆತಂದು, ಅವಳ ಚಪ್ಪಲಿಯನ್ನು ಬಾಗಿಲೆದುರೇ ಬಿಡಿಸಿದೆ. ಸ್ವಲ್ಪ ಹೊತ್ತಿಗೆ ಅದರ ಪಕ್ಕದಲ್ಲೇ ಅಕ್ಕ ತಮ್ಮ ಚಪ್ಪಲಿ ಬಿಟ್ಟು ಒಳಗೆ ಬಂದರು.

ಬಾರದವರಿಗೆ ಈಗಲೂ ಫೋನ್ ಮಾಡುತ್ತೇನೆ, ದಣಿವೂ ಹಾಗೇ ಇದೆ. ಆದರೆ "ಯಾಕ ಬರಲಿಲ್ರಿ" ಎನ್ನುವ ಮೊದಲು, "ಎಲ್ಲೀತನಕ ಬಂದಿದ್ರಿ" ಎಂದು ಕೇಳುತ್ತೇನೆ.