ಬೀಳದೆ ನಿಂತ ಒನಕೆ

ಹಲ್ಲಿ ಲೊಚಗುಟ್ಟಿದರೆ ಶಕುನ, ಬೆಕ್ಕು ಅಡ್ಡ ಬಂದರೆ ಅಪಶಕುನ ಎನ್ನುವವರನ್ನು ಕಂಡರೆ ಒಂದು ಕಾಲಕ್ಕೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಕಡಕೊಳದ ಒಂದು ಕಾರ್ಖಾನೆಯಲ್ಲಿ ಕೆಲಸ. ರಜೆಯ ದಿನ ಗೆಳೆಯರ ಜೊತೆ ಶಾಲೆಗಳಿಗೆ ಹೋಗಿ ಮೂಢನಂಬಿಕೆಯ ವಿರುದ್ಧ ಭಾಷಣ ಮಾಡುವುದು ಹವ್ಯಾಸ. ಗ್ರಹಣ ಹಿಡಿದಿರುವಾಗ ಒನಕೆ ತಟ್ಟೆಯ ನೀರಿನಲ್ಲಿ ನೆಟ್ಟಗೆ ನಿಲ್ಲುತ್ತದೆ, ಗ್ರಹಣ ಬಿಟ್ಟ ಕೂಡಲೇ ಬೀಳುತ್ತದೆ ಎಂದು ನಮ್ಮ ಕಡೆ ನಂಬುತ್ತಾರಲ್ಲ, ಅದರ ಮೇಲೆ ನನಗೆ ವಿಶೇಷ ಕಣ್ಣು. ಯಾವ ಗ್ರಹಣವೂ ಇಲ್ಲದ ದಿನ ಮಕ್ಕಳ ಮುಂದೆ ಒನಕೆ ನಿಲ್ಲಿಸಿ, ತಳ ಸಮವಾಗಿದ್ದರೆ ಇದು ಯಾವತ್ತು ಬೇಕಾದರೂ ನಿಲ್ಲುತ್ತದೆ, ನೆಲ ಅಲ್ಲಾಡಿದರೆ ಬೀಳುತ್ತದೆ, ಅಷ್ಟೇ ಎಂದು ಹೇಳಿ ಚಪ್ಪಾಳೆ ಗಿಟ್ಟಿಸುತ್ತಿದ್ದೆ. ಈಗ ಬರೆಯುತ್ತಿರುವುದನ್ನು ಆಗ ಯಾರಾದರೂ ನನಗೆ ಹೇಳಿದ್ದರೆ ನಕ್ಕು ಕಳಿಸಿಬಿಡುತ್ತಿದ್ದೆ.

ತೊಂಬತ್ತರ ದಶಕದ ಮಾತು. ಉತ್ತರದ ಗಡಿಯಾಚೆ ಭೂಕಂಪವಾಗಿ ಊರಿಗೆ ಊರೇ ಮಣ್ಣುಪಾಲಾದ ವರ್ಷ. ಪತ್ರಿಕೆಗಳಲ್ಲಿ ಬಂದ ಚಿತ್ರಗಳನ್ನು ನೋಡಿ ಮೈಸೂರಿನ ಜನ ನಡುಗಿಹೋಗಿದ್ದರು. ನಮ್ಮ ಅಗ್ರಹಾರದ ಮನೆಗಳೆಲ್ಲ ಹಳೆಯವು. ಮಣ್ಣು ಮೆತ್ತಿದ ಇಟ್ಟಿಗೆ ಗೋಡೆ, ಮರದ ತೊಲೆ, ಮೇಲೆ ಗಾರೆ ತಾರಸಿ. ನಮ್ಮ ನಡುಮನೆಯ ಬಾಗಿಲ ನೆತ್ತಿಯ ಮೇಲೆ ಮೊದಲಿಂದಲೂ ಒಂದು ಬಿರುಕಿತ್ತು. ಅಲ್ಲಿಯವರೆಗೆ ಅದನ್ನು ಯಾರೂ ಕಣ್ಣೆತ್ತಿ ನೋಡಿದವರಲ್ಲ. ಆಮೇಲೆ ಬಂದವರೆಲ್ಲ ಅದನ್ನೇ ನೋಡತೊಡಗಿದರು.

ಒಂದು ದಿನ ಕೆಲಸ ಮುಗಿಸಿ ಬಂದರೆ ಬೀದಿಗೆ ಬೀದಿಯೇ ಹೊರಗಿತ್ತು. ಚಾಪೆ, ಕುರ್ಚಿ, ನೀರಿನ ಬಿಂದಿಗೆ, ಒಬ್ಬರ ಮನೆಯ ಟೀವಿ ಕೂಡ ಜಗಲಿಗೆ ಬಂದಿತ್ತು. ಈ ರಾತ್ರಿ ಮೈಸೂರಿಗೂ ಭೂಕಂಪ ಬರುತ್ತದೆಂದು ಸುದ್ದಿ. ಬೆಟ್ಟದಲ್ಲಿ ಯಾರ ಮೈಮೇಲೋ ಅಮ್ಮ ಬಂದು ಹೇಳಿದಳು ಎಂದು ಕೆಲವರು, ರೇಡಿಯೋದಲ್ಲೇ ಬಂತು ಎಂದು ಕೆಲವರು. ಯಾವ ರೇಡಿಯೋ ಎಂದು ವಿಚಾರಿಸಿದರೆ ಸ್ವತಃ ಕೇಳಿದವರು ಒಬ್ಬರೂ ಇರಲಿಲ್ಲ.

ನನ್ನ ಹೆಂಡತಿ ಎರಡನೆಯ ಹೆರಿಗೆಗೆಂದು ತವರಿಗೆ ಹೋಗಿದ್ದಳು. ಮೂರು ವರ್ಷದ ಮಗಳು ಅಜ್ಜಿಯನ್ನು ಬಿಟ್ಟಿರುವುದಿಲ್ಲವೆಂದು ನಮ್ಮಲ್ಲೇ ಉಳಿದಿದ್ದಳು. ಅವಳಿಗೆ ನಾಲ್ಕೈದು ದಿನದಿಂದ ಎದೆಯಲ್ಲಿ ಕಫ. ಉಸಿರೆಳೆದರೆ ಗೊರಗೊರ ಸದ್ದು. ತಣ್ಣನೆ ಗಾಳಿಗೆ ಒಡ್ಡಲೇಬೇಡಿ ಎಂದು ಡಾಕ್ಟರು ಖಡಾಖಂಡಿತವಾಗಿ ಹೇಳಿದ್ದರು. ಹೊರಗೆ ಆಗಲೇ ಜಿಟಿಜಿಟಿ ಹನಿ. ನನ್ನ ತಾಯಿ ಮಾತ್ರ ಮಗುವನ್ನು ಕಂಬಳಿಯಲ್ಲಿ ಸುತ್ತಿಕೊಂಡು ಹೊರಡಲು ಸಿದ್ಧರಾಗಿದ್ದರು.

"ಈ ಹನೀಲಿ ಎಲ್ಲಿಗಮ್ಮ?" ಎಂದೆ.

"ಗೋಡೆ ಬಿದ್ರೆ ಏನಪ್ಪ ಮಾಡೋದು? ಎದುರುಮನೆ ಗೌರಮ್ಮ ಹಾಸಿಗೆ ಸಮೇತ ಆಚೆ ಬಂದ್ಬುಟ್ಟವ್ಳೆ."

ಭೂಕಂಪವನ್ನು ಮೊದಲೇ ಹೇಳಲು ಯಾರಿಂದಲೂ ಆಗುವುದಿಲ್ಲ ಎಂದು ಎಷ್ಟು ಬಿಡಿಸಿ ಹೇಳಿದರೂ ಕೋಣನ ಮುಂದೆ ಕಿನ್ನರಿ ಬಾರಿಸಿದಂತಾಯಿತು. ಕೊನೆಗೆ ನನಗೊಂದು ಉಪಾಯ ಹೊಳೆಯಿತು. ಅಟ್ಟದ ಮೇಲಿದ್ದ ಒನಕೆ ಇಳಿಸಿದೆ, ಹಿತ್ತಾಳೆ ತಟ್ಟೆಯಲ್ಲಿ ಒಂದಿಷ್ಟು ನೀರು ಹಾಕಿ ನಡುಮನೆಯಲ್ಲಿಟ್ಟೆ, ಒನಕೆಯನ್ನು ಅದರಲ್ಲಿ ನಿಲ್ಲಿಸಿದೆ. "ನೋಡಮ್ಮ, ನೆಲ ಒಂದು ಚೂರು ಅಲ್ಲಾಡಿದರೂ ಇದು ಮೊದಲು ಬೀಳುತ್ತೆ. ಬಿದ್ದರೆ ಮಗೂನ ಎತ್ಕೊಂಡು ಹೊರಗೆ ಓಡಿಬಿಡು. ನಿಂತಿರೋವರೆಗೂ ಒಳಗೇ ಇರು" ಎಂದೆ. ಇದರಲ್ಲಿ ಮೋಸವೇನೂ ಇರಲಿಲ್ಲ. ಭೂಮಿ ನಡುಗಿದರೆ ಒನಕೆ ಬೀಳಲೇಬೇಕು. ಆದರೆ ಅಮ್ಮ ಒಪ್ಪಿದ್ದು ನನ್ನ ವಿಜ್ಞಾನಕ್ಕಲ್ಲ, ಒನಕೆಗೆ. ಅದಕ್ಕೊಂದು ವಿಭೂತಿ ಪಟ್ಟೆ ಎಳೆದು, ಮೊಮ್ಮಗಳನ್ನು ಮಡಿಲಿಗೆ ಹಾಕಿಕೊಂಡು, ಹಿಂಗೋಡೆಗೆ ಒರಗಿ ಕುಳಿತರು. ನಾನು ಒಳಗೊಳಗೇ ನಕ್ಕೆ.

ದೀಪ ಹಚ್ಚುವ ಹೊತ್ತಾಗಿತ್ತು. ಕೆಮ್ಮಿನ ಔಷಧಿ ಮುಗಿದಿತ್ತೆಂದು ಮೂಲೆಯ ಅಂಗಡಿಗೆ ಹೋದೆ. ಅಂಗಡಿಯವನು ಬಾಟಲಿಯನ್ನು ಕೈಗಿಟ್ಟಿದ್ದನಷ್ಟೆ, ಕಾಲ ಕೆಳಗೆ ಏನೋ ಉರುಳಿದಂತಾಯಿತು. ದೂರದಲ್ಲಿ ಭಾರದ ಲಾರಿ ಹೋದ ಹಾಗೆ. ಅಂಗಡಿಯ ಕಪಾಟಿನ ಗಾಜುಗಳು ಒಂದಕ್ಕೊಂದು ತಾಗಿ ಸದ್ದು ಮಾಡಿದವು, ತೂಗುಬಿಟ್ಟಿದ್ದ ಬಲ್ಬು ಓಲಾಡಿತು, ಕರೆಂಟು ಹೋಯಿತು. ಬೀದಿಯಲ್ಲಿ ಒಮ್ಮೆಲೇ ಕೂಗಾಟ ಎದ್ದಿತು.

ನಾನು ಓಡಿದೆ. ಒನಕೆ ಬಿದ್ದಿರುತ್ತದೆ, ಅಮ್ಮ ಮಗುವನ್ನೆತ್ತಿಕೊಂಡು ಹೊರಗೆ ಬಂದಿರುತ್ತಾರೆ ಎಂಬ ಧೈರ್ಯ ನನಗಿತ್ತು. ಕತ್ತಲಲ್ಲಿ ಒಬ್ಬೊಬ್ಬರ ಮುಖ ನೋಡುತ್ತ ಹೋದೆ. ಗೌರಮ್ಮ ಇದ್ದರು, ಅವರ ಸೊಸೆ ಇದ್ದಳು. ನಮ್ಮವರಿಬ್ಬರು ಮಾತ್ರ ಇರಲಿಲ್ಲ.

"ನಿಮ್ಮ ತಾಯಿ ಈಚೆಗೇ ಬರಲಿಲ್ಲ ಕಣಪ್ಪ. ಕೂಗ್ದೆ, ಓಗೊಡಲಿಲ್ಲ" ಎಂದರು ಗೌರಮ್ಮ.

ನನ್ನ ಬುದ್ಧಿವಂತಿಕೆಯೇ ಅವರಿಬ್ಬರನ್ನು ಕೊಂದಿತು ಎನಿಸಿತು. ಒಳಗೆ ನುಗ್ಗಿದೆ. ನಡುಮನೆಯ ಬಾಗಿಲಲ್ಲಿ ಏನನ್ನೋ ಎಡವಿದೆ. ನೆತ್ತಿಯ ಬಿರುಕಿನಿಂದ ಕಳಚಿಬಿದ್ದ ಇಟ್ಟಿಗೆಯ ರಾಶಿ. ದಾಟಿ ಹೋದೆ. ದೇವರ ಗೂಡಿನಲ್ಲಿ ದೀಪ ಉರಿಯುತ್ತಿತ್ತು. ಅಡುಗೆಮನೆಯ ಸ್ಟೀಲು ಪಾತ್ರೆಗಳೆಲ್ಲ ನೆಲದಲ್ಲಿದ್ದವು. ಅಮ್ಮ ಹಿಂಗೋಡೆಗೆ ಒರಗಿ ಹಾಗೆಯೇ ಕುಳಿತಿದ್ದರು, ಮಗಳು ಮಡಿಲಲ್ಲಿ ನಿದ್ದೆ ಮಾಡುತ್ತಿದ್ದಳು. ಅವರೆದುರಿಗೆ, ನಾನು ನಿಲ್ಲಿಸಿದ ಜಾಗದಲ್ಲೇ, ಒನಕೆ ನಿಂತಿತ್ತು.

"ಯಾಕಮ್ಮ ಹೊರಗೆ ಬರಲಿಲ್ಲ?" ಎಂದೆ.

"ಒನಕೆ ಬೀಳಲಿಲ್ವಲ್ಲಪ್ಪ" ಎಂದರು.

ಮಗುವನ್ನು ಎತ್ತಿಕೊಂಡು, ಅಮ್ಮನ ಕೈಹಿಡಿದು ಹಿತ್ತಲ ಬಾಗಿಲಿನಿಂದ ಹೊರಗೆ ಕರೆದುಕೊಂಡು ಹೋದೆ. ಆ ರಾತ್ರಿ ಬೀದಿ ಕೊನೆಯ ದೇವಸ್ಥಾನದ ಚಪ್ಪರದ ಕೆಳಗೆ ಕಳೆದೆವು. ಅಷ್ಟು ಜನರ ನಡುವೆಯೂ ನನಗೆ ಒಂದೇ ಯೋಚನೆ. ಅಡುಗೆಮನೆಯ ಪಾತ್ರೆ ಬಿದ್ದಿದೆ, ಗೋಡೆಯ ಇಟ್ಟಿಗೆ ಬಿದ್ದಿದೆ, ಬೆರಳು ತಾಗಿದರೆ ಉರುಳುವ ಒನಕೆ ಏಕೆ ಬೀಳಲಿಲ್ಲ?

ಬೆಳಗ್ಗೆ ಬಂದು ನೋಡಿದೆ. ಇನ್ನೂ ನಿಂತಿತ್ತು. ಸುದ್ದಿ ಹರಡಿ ಬೀದಿಯವರೆಲ್ಲ ಸಾಲಾಗಿ ಬಂದು ಕೈಮುಗಿದರು. ಗೌರಮ್ಮ ಹೂವು ತಂದು ಏರಿಸಿದರು. ಮೂಢನಂಬಿಕೆ ಓಡಿಸಲು ಹೊರಟವನ ಮನೆಯಲ್ಲೇ ಒಂದು ಹೊಸ ದೇವರು ಹುಟ್ಟುವ ಹಾಗಾಯಿತು. ನಾನು ಎಲ್ಲರನ್ನೂ ಕಳಿಸಿ, ಒಬ್ಬನೇ ನಿಂತು ಬೆರಳ ತುದಿಯಿಂದ ಅದನ್ನು ತಳ್ಳಿದೆ. ಧೊಪ್ಪನೆ ಬಿತ್ತು. ಮತ್ತೆ ನಿಲ್ಲಿಸಿದೆ, ನಿಂತಿತು. ಬಾಗಿಲನ್ನು ಸ್ವಲ್ಪ ಜೋರಾಗಿ ಮುಚ್ಚಿದೆ, ಬಿತ್ತು. ಕಾಲೇಜಿನಲ್ಲಿ ಪಾಠ ಹೇಳುವ ಗೆಳೆಯನೊಬ್ಬ ಬಂದು ತಾನೂ ನಿಲ್ಲಿಸಿ ನೋಡಿದ. ಅವನು ಪಕ್ಕದಲ್ಲಿ ಕಾಲು ಬಡಿದರೂ ಬೀಳುತ್ತಿತ್ತು. ಕಾಗದದ ಮೇಲೆ ಏನೇನೋ ಗೆರೆ ಎಳೆದು ವಿವರಿಸಿದ. ಅವನಿಗೇ ಸಮಾಧಾನವಾದಂತೆ ಕಾಣಲಿಲ್ಲ.

ಮರುದಿನದ ಪತ್ರಿಕೆಯಲ್ಲಿ ಇನ್ನೊಂದು ಸೋಜಿಗ ಕಾದಿತ್ತು. ಮೈಸೂರಿನಲ್ಲಿ ಯಾವ ಕಂಪನವೂ ಯಂತ್ರಗಳಲ್ಲಿ ದಾಖಲಾಗಿಲ್ಲ, ಜನ ಗಾಳಿಮಾತಿಗೆ ಕಿವಿಗೊಡಬಾರದು ಎಂದು ಬರೆದಿತ್ತು. ಯಂತ್ರವೂ ಒನಕೆಯೂ ಒಂದೇ ಮಾತು ಹೇಳುತ್ತಿದ್ದವು. ಹಾಗಾದರೆ ಪಾತ್ರೆಗಳನ್ನು ಬೀಳಿಸಿದ್ದು ಏನು, ಕಾಲ ಕೆಳಗೆ ಉರುಳಿದ್ದು ಏನು? ಹೆದರಿದ ಬೀದಿಗೆಲ್ಲ ಒಂದೇ ಭ್ರಮೆ ಹಿಡಿಯಿತು ಎನ್ನೋಣವೆಂದರೆ, ನಾನು ಗುದ್ದಲಿ ಹಿಡಿದು ಬುಟ್ಟಿಯಲ್ಲಿ ತುಂಬಿ ಹೊರಗೆ ಸುರಿದ ಇಟ್ಟಿಗೆ ಭ್ರಮೆಯಲ್ಲ.

ಆ ಮಾತನ್ನು ನಾನು ಅಮ್ಮನ ಬಳಿ ಎತ್ತಿದ್ದು ಎಷ್ಟೋ ವರ್ಷ ಕಳೆದ ಮೇಲೆ, ಅವರು ಹಾಸಿಗೆ ಹಿಡಿದಿದ್ದಾಗ. ಅಷ್ಟೊಂದು ಪಾತ್ರೆ ಬಿದ್ದರೂ ನಿನಗೆ ಹೆದರಿಕೆ ಆಗಲಿಲ್ಲವೇ ಎಂದು ಕೇಳಿದೆ.

"ಆಗ್ದೆ ಇರುತ್ತೇನಪ್ಪ. ಪಾತ್ರೆ ಸದ್ದಾದ ತಕ್ಷಣ ಮಗೂನ ಎತ್ಕೊಂಡು ಎದ್ದೇಬುಟ್ಟೆ. ಬಾಗಿಲ ತನಕ ಬಂದಿದ್ದೆ. ಎಂಗಿದ್ರೂ ಒಂದ್ಸಲ ನೋಡ್ಬುಡಾನ ಅಂತ ತಿರುಗಿದೆ. ನಿಂತಿತ್ತು. ನಿನ್ನ ಮಾತು ನೆನಪಾಯ್ತು, ವಾಪಸ್ ಬಂದು ಕೂತ್ಕೊಂಡೆ."

"ಯಾವ ಬಾಗಿಲಮ್ಮ?"

"ನಡುಮನೇದು. ಇನ್ಯಾವುದು?"

ಇಟ್ಟಿಗೆಯ ರಾಶಿ ಕಳಚಿಬಿದ್ದಿದ್ದು ಆ ಬಾಗಿಲ ನೆತ್ತಿಯಿಂದಲೇ. ಒನಕೆ ಈಗಲೂ ಅಟ್ಟದ ಮೇಲಿದೆ. ಗ್ರಹಣದ ದಿನ ಶಾಲೆಯವರು ಕರೆದರೆ ಹೋಗುತ್ತೇನೆ, ಸೂರ್ಯ ಚಂದ್ರರ ವಿಷಯ ಹೇಳುತ್ತೇನೆ. ಒನಕೆ ನಿಲ್ಲಿಸಿ ತೋರಿಸಿ ಸಾರ್ ಎಂದು ಮಕ್ಕಳು ಕೇಳಿದರೆ ಮಾತ್ರ ಕೈ ಮುಂದಕ್ಕೆ ಹೋಗುವುದಿಲ್ಲ.