ಮೊದಲು ಇಳಿದವರು ಕಾಯಬೇಕು

ಮೊನ್ನೆ ಸಂಜೆ ವಿಮಾನ ನಿಲ್ದಾಣದಿಂದ ಮನೆಗೆ ಬರುವಾಗ ಹೆಬ್ಬಾಳದ ಫ್ಲೈಓವರಿನ ಮೇಲೆ ಕ್ಯಾಬು ಎಂದಿನಂತೆ ತಪಸ್ಸಿಗೆ ನಿಂತಿತು. ಡ್ರೈವರ್ ಒಂದು ಪುಟ್ಟ ಪೊಟ್ಟಣ ತೆಗೆದು, ಹಲ್ಲಿನಿಂದ ಹರಿದು, ಒಳಗಿದ್ದ ಒದ್ದೆ ಕಾಗದದಿಂದ ಕತ್ತು ಒರೆಸಿಕೊಂಡ. ನಿಂಬೆಹಣ್ಣು, ಕಲೋನ್ ಎರಡೂ ಬೆರೆತ ವಾಸನೆ ಕಾರಿನ ತುಂಬ ಹರಡಿತು. ನಾನು ತಟ್ಟನೆ ಹಿಂತಿರುಗಿ ನೋಡಿದೆ. ಹಿಂದಿನ ಸೀಟಿನಲ್ಲಿ ಕೂತವನು ನಾನೇ. ನನ್ನ ಹಿಂದೆ ಡಿಕ್ಕಿಯಲ್ಲದೆ ಇನ್ನೇನೂ ಇರಲು ಸಾಧ್ಯವಿರಲಿಲ್ಲ. ಆದರೂ ನೋಡಿದೆ. ಆ ವಾಸನೆ ಬಂತೆಂದರೆ ಅದರ ಬೆನ್ನಿಗೇ ಎದುರುಮನೆಯವರು ಬರಬೇಕು… ವರ್ಷಾನುಗಟ್ಟಲೆ ಹಾಗೇ ನಡೆದುಕೊಂಡು ಬಂದಿತ್ತು.

ನಾವಿಬ್ಬರೂ ಆರ್.ಟಿ. ನಗರದ ಒಂದೇ ರಸ್ತೆಯವರು. ನಮ್ಮ ಬಾಗಿಲು ತೆಗೆದರೆ ಅವರ ಗೇಟು. ನಾನು ಪೀಣ್ಯದ ಕಾರ್ಖಾನೆಯೊಂದರ ಯಂತ್ರಗಳನ್ನು ಹೊಗಳಿ ಮಾರುವ ಕೆಲಸದಲ್ಲಿದ್ದೆ. ಅವರು ವಿಮಾ ಕಂಪನಿಯ ಸರ್ವೇಯರ್. ಸುಟ್ಟುಹೋದ ಗೋದಾಮುಗಳ ಮುಂದೆ ನಿಂತು, ಎಷ್ಟು ಸುಟ್ಟಿದೆ, ಎಷ್ಟು ಸುಟ್ಟಿದೆಯೆಂದು ಹೇಳಲಾಗುತ್ತಿದೆ ಎಂಬುದರ ವ್ಯತ್ಯಾಸ ಕಂಡುಹಿಡಿಯುವವರು. ಇಬ್ಬರಿಗೂ ಬೊಂಬಾಯಿಯಲ್ಲಿ ಹೆಡ್ಡಾಫೀಸು. ಬೆಳಗಿನ ವಿಮಾನಕ್ಕೆ ಹೋಗಿ ಸಂಜೆಯದಕ್ಕೆ ವಾಪಸಾಗುವುದು ಇಬ್ಬರ ಹಣೆಬರಹ. ಆಗ ನಿಲ್ದಾಣವಿದ್ದದ್ದು ಊರಿನ ಇನ್ನೊಂದು ಕೊನೆಯಲ್ಲಿ. ದಾಸರಹಳ್ಳಿಯ ಟ್ಯಾಕ್ಸಿಯವನೊಬ್ಬನನ್ನು ಗೊತ್ತುಮಾಡಿಕೊಂಡು ಒಟ್ಟಿಗೆ ಹೋಗುತ್ತಿದ್ದೆವು. ಒಟ್ಟಿಗೆ ಎಂದರೆ ನಿಲ್ದಾಣದ ಬಾಗಿಲಿನವರೆಗೆ. ಅಲ್ಲಿಂದಾಚೆಗೆ ನಮ್ಮ ಮತಗಳು ಬೇರೆ.

ಆ ಕಾಲಕ್ಕೆ ಸರ್ಕಾರದವೇ ಎರಡು ವಿಮಾನ ಸಂಸ್ಥೆಗಳಿದ್ದವು. ಹೆಸರು ಬೇಡ, ನಮ್ಮ ಟ್ಯಾಕ್ಸಿಯಲ್ಲಿ ಅವಕ್ಕೆ ದೊಡ್ಡದು, ಚಿಕ್ಕದು ಎಂದೇ ನಾಮಕರಣವಾಗಿತ್ತು. ದೊಡ್ಡದು ಲಂಡನ್ನು, ನ್ಯೂಯಾರ್ಕು ಕಂಡದ್ದು. ನಮ್ಮಂಥವರನ್ನು ಬೊಂಬಾಯಿಗೆ ಮುಟ್ಟಿಸುವಾಗಲೂ, ಸಾಗರ ದಾಟುವ ನಡುವೆ ಬಿಡುವು ಮಾಡಿಕೊಂಡು ಬಂದಿದ್ದೇನೆ ಎಂಬ ಗತ್ತು ಅದಕ್ಕೆ. ಚಿಕ್ಕದು ದೇಶದೊಳಗೇ ಓಡಾಡಿಕೊಂಡಿರುವ ಸಂಸಾರಿ. ಏರುವ ಮೊದಲು ತಟ್ಟೆಯಲ್ಲಿ ಪೆಪ್ಪರಮೆಂಟು ಹಿಡಿಯುತ್ತಿತ್ತು, ಕಿವಿಗೆ ಇಟ್ಟುಕೊಳ್ಳಲು ಹತ್ತಿ ಕೊಡುತ್ತಿತ್ತು. ಮದುವೆಮನೆಯಲ್ಲಿ ತಾಂಬೂಲ ಕೊಟ್ಟಷ್ಟೇ ಅಕ್ಕರೆಯಿಂದ. ನಾನು ಚಿಕ್ಕದರ ಭಕ್ತ. ಎದುರುಮನೆಯವರು ದೊಡ್ಡದರ ಪೀಠಾಧಿಪತಿ. ಖಾಸಗಿ ವಿಮಾನಗಳೂ ಆಗಲೇ ಬಂದಿದ್ದವು. ಅವನ್ನು ಹತ್ತುವುದನ್ನು ಮಾತ್ರ ಇಬ್ಬರೂ ಮತಾಂತರವೆಂದೇ ತಿಳಿದಿದ್ದೆವು.

ಮೇಖ್ರಿ ಸರ್ಕಲ್ ದಾಟುವಷ್ಟರಲ್ಲಿ ವಾದ ಶುರುವಾಗುತ್ತಿತ್ತು. ಚಿಕ್ಕದರ ಉಪ್ಪಿಟ್ಟನ್ನು ತಮ್ಮ ಕಂಪನಿ ವಿಮೆಗೆ ಒಪ್ಪುವುದಿಲ್ಲ, ಅದಾಗಲೇ ಅಗ್ನಿ ಅನಾಹುತಕ್ಕೆ ತುತ್ತಾಗಿದೆ ಎಂದು ಅವರು ತೀರ್ಪು ಕೊಡುತ್ತಿದ್ದರು. ದೊಡ್ಡದು ಕೊಡುವ ಒದ್ದೆ ಕರವಸ್ತ್ರದಿಂದ ಮುಖವೇನೋ ಹೊಳೆಯುತ್ತದೆ, ಹೊಟ್ಟೆಗೇನು ಗತಿ ಎಂದು ನಾನು ಕೇಳುತ್ತಿದ್ದೆ. ಟ್ಯಾಕ್ಸಿಯವನು ಒಂದು ದಿನ ಕನ್ನಡಿಯಲ್ಲೇ ನಮ್ಮನ್ನು ನೋಡಿ, "ಎರಡೂ ಗೌರ್ಮೆಂಟ್ ಬಸ್ಸೇ ಅಲ್ವಾ ಸಾರ್? ಬೋರ್ಡ್ ಬೇರೆ ಅಷ್ಟೇ," ಅಂದ. ಅವನ ಮೇಲೆ ಇಬ್ಬರಿಗೂ ಸಮಾನವಾಗಿ ಸಿಟ್ಟು ಬಂತು. ಆವತ್ತೊಂದು ದಿನ ಒಗ್ಗಟ್ಟಿನಿಂದ ಇದ್ದೆವು.

ವಾಪಸು ಬರುವಾಗ ಮೊದಲೆಲ್ಲ ಒಬ್ಬರಿಗೊಬ್ಬರು ಕಾಯುತ್ತಿರಲಿಲ್ಲ. ಚಿಕ್ಕದು ಮುಂಚೆ ಇಳಿಯುತ್ತಿತ್ತು, ದೊಡ್ಡದು ಅದರ ಹಿಂದೆ. ಇಳಿದವರು ಇಳಿದ ಹಾಗೆ ಸಿಕ್ಕ ಆಟೋ ಹಿಡಿದು ಮನೆಗೆ. ಅವರಿಗಂತೂ ಮನೆ ಸೇರುವ ತವಕ. ಅವರ ಮನೆಯಾಕೆ ಗೇಟಿನಲ್ಲಿ ನಿಂತಿರುತ್ತಿದ್ದರು. ಆಟೋ ನಮ್ಮ ರಸ್ತೆಗೆ ತಿರುಗುವ ಮೊದಲೇ ವರಾಂಡದ ದೀಪ ಹತ್ತುತ್ತಿತ್ತು, ಗೇಟಿನ ಚಿಲಕ ಸರಿಯುತ್ತಿತ್ತು. ಆಕೆಗೆ ಹೇಗೆ ಗೊತ್ತಾಗುತ್ತಿತ್ತೋ… ಮಕ್ಕಳಿರಲಿಲ್ಲ. ನನ್ನ ಹೆಂಡತಿ ಅದನ್ನು ತೋರಿಸಿ, ನಿಮಗೆ ನಾನು ಹಾಗೆ ನಿಲ್ಲಬೇಕಾ ಅಂತ ಕೇಳುತ್ತಿದ್ದಳು. ಬೇಡ, ರಸ್ತೆಗೆ ಒಂದೇ ಸಾಕು ಅನ್ನುತ್ತಿದ್ದೆ.

ಆಕೆ ಸಣ್ಣ ಕಾಯಿಲೆಯಲ್ಲಿ ದೊಡ್ಡ ಅವಸರ ಮಾಡಿ ಹೋಗಿಬಿಟ್ಟರು.

ಕರ್ಮಾಂತರವೆಲ್ಲ ಮುಗಿದ ಮೇಲೆ ಎದುರುಮನೆಯವರು ಮೊದಲ ಸಲ ಬೊಂಬಾಯಿಗೆ ಹೋಗಿ ಬಂದ ಸಂಜೆ ನಾನು ಊರಲ್ಲೇ ಇದ್ದೆ. ಆಟೋ ಬಂತು, ಹೋಯಿತು. ಅವರು ಗೇಟಿನ ಮುಂದೆ ಕೈಚೀಲ ಹಿಡಿದು ನಿಂತರು. ಮನೆ ಕತ್ತಲು. ಚಿಲಕದ ಮೇಲೆ ಕೈಯಿಟ್ಟವರು ಅದನ್ನು ಸರಿಸಲೇ ಇಲ್ಲ. ಒಳಗಿನಿಂದ ಸರಿಯುವ ಚಿಲಕವದು. ಹೊರಗಿನಿಂದ ಹೇಗೆ ತೆಗೆಯುವುದೆಂದು ಅವರಿಗೆ ಮರೆತಿತ್ತೋ ಏನೋ. ನಾನು ಹೋಗಿ ಕೈ ತೂರಿಸಿ ತೆಗೆದೆ. ಥ್ಯಾಂಕ್ಸ್ ಹೇಳಿ ಒಳಗೆ ಹೋದರು. ಆವತ್ತಿನಿಂದ ವರಾಂಡದ ದೀಪವನ್ನು ಹಗಲೂ ರಾತ್ರಿ ಉರಿಯಲು ಬಿಟ್ಟರು.

ಮುಂದಿನ ಪ್ರಯಾಣದಲ್ಲಿ ಟ್ಯಾಕ್ಸಿ ಹತ್ತಿದವರೇ ಒಂದು ಕಾನೂನು ಹೊರಡಿಸಿದರು. ಇನ್ನುಮೇಲೆ ವಾಪಸು ಬರುವಾಗಲೂ ಒಂದೇ ಟ್ಯಾಕ್ಸಿ. ನಿಲ್ದಾಣದ ಹೊರಬಾಗಿಲ ಹತ್ತಿರದ ಕಂಬದ ಬಳಿ, ಮೊದಲು ಇಳಿದವರು ಕಾಯಬೇಕು. ಕಾನೂನೇನೋ ಇಬ್ಬರಿಗೂ ಒಂದೇ. ಮೊದಲು ಇಳಿಯುವುದು ಮಾತ್ರ ಯಾವಾಗಲೂ ಚಿಕ್ಕದು. ಹೀಗೆ ನಾನು ಆ ಕಂಬದ ಖಾಯಂ ನಿವಾಸಿಯಾದೆ.

ಮೊದಲು ವಾಸನೆ ಬರುತ್ತಿತ್ತು, ಆ ಕರವಸ್ತ್ರದ ನಿಂಬೆ-ಕಲೋನ್ ವಾಸನೆ. ಅದರ ಹಿಂದೆ ಅವರು. ಗುಂಪಿನ ತಲೆಗಳ ಮೇಲಿಂದ ಕತ್ತು ಉದ್ದಮಾಡಿ ಹುಡುಕುತ್ತ ಬರುವರು. ನಾನು ಕಂಡ ಕೂಡಲೇ ಮುಖ ಸಡಿಲವಾಗುತ್ತಿತ್ತು. ಹತ್ತಿರ ಬಂದು ಕೇಳುವುದು ಅದೇ ಒಂದು ಮಾತು: "ತುಂಬ ಹೊತ್ತಾಯ್ತಾ ಬಂದು?"

ಒಂದೆರಡು ವರ್ಷ ಕಾದ ಮೇಲೆ ನನ್ನ ಕಾಲುಗಳು ಧರ್ಮದ ಬಗ್ಗೆ ಪುನರಾಲೋಚನೆ ಶುರುಮಾಡಿದವು. ಒಂದು ಬೆಳಿಗ್ಗೆ ಟ್ಯಾಕ್ಸಿಯಲ್ಲಿ, ನಾನೇ ಸೋತೆ ಸಾರ್, ಇವತ್ತಿನಿಂದ ದೊಡ್ಡದಕ್ಕೇ ಬರ್ತೀನಿ, ಪಕ್ಕದಲ್ಲೇ ಕೂತು ಬರೋಣ ಅಂದೆ. ಅಷ್ಟು ವರ್ಷ ವಾದಿಸಿದ್ದಕ್ಕೆ ಸಿಕ್ಕ ಜಯ. ಗೆದ್ದ ನಗು ಕಾಣಲೆಂದು ಅವರ ಕಡೆ ತಿರುಗಿದರೆ ಅವರು ಗಾಬರಿಯಾಗಿದ್ದರು.

"ಬೇಡ ಸ್ವಾಮಿ. ನೀವು ಚಿಕ್ಕದರಲ್ಲೇ ಬನ್ನಿ."

ಯಾಕೆ ಸಾರ್ ಎಂದೆ. ಕಿಟಕಿಯ ಕಡೆ ಮುಖ ತಿರುಗಿಸಿದರು. ಕಂಟೋನ್ಮೆಂಟು ದಾಟಿತು.

"ಇಬ್ರೂ ಒಟ್ಟಿಗೆ ಇಳಿದ್ರೆ… ಅಲ್ಲಿ ಯಾರಿರ್ತಾರೆ ಹೇಳಿ?"

ಟ್ಯಾಕ್ಸಿಯವನು ರೇಡಿಯೋದ ಸದ್ದು ತಗ್ಗಿಸಿದ. ದೊಡ್ಡದರ ಗತ್ತು, ಸಾಗರ, ಲಂಡನ್ನು, ನ್ಯೂಯಾರ್ಕು ಎಲ್ಲ ಆ ಒಂದು ಮಾತಿನಲ್ಲಿ ಕಳಚಿಕೊಂಡು ಬಿತ್ತು. ಈ ಮನುಷ್ಯ ಮನೆಯಾಕೆ ಹೋದಂದಿನಿಂದ ಆ ವಿಮಾನ ಹತ್ತುತ್ತಿದ್ದದ್ದು ಅದು ನನ್ನದಕ್ಕಿಂತ ತಡವಾಗಿ ಇಳಿಯುತ್ತದೆ ಎಂಬ ಒಂದೇ ಕಾರಣಕ್ಕೆ. ನಾನು, ಅದೂ ಸರಿಯೇ, ಆ ಒದ್ದೆ ಬಟ್ಟೆಯವರ ಸಹವಾಸ ನನಗೂ ಒಗ್ಗುವುದಿಲ್ಲ ಅಂದೆ. ಅವರು, ಉಪ್ಪಿಟ್ಟು ತಿನ್ನುವವರಿಗೆ ಒಗ್ಗೋದು ಕಷ್ಟವೇ ಅಂದರು. ಆ ವಿಷಯ ಮತ್ತೆ ಎತ್ತಲಿಲ್ಲ. ಕಂಬದ ಹತ್ತಿರ ನಿಲ್ಲುವುದು ಮಾತ್ರ ನನಗೆ ಆಮೇಲೆ ಬೇರೆ ಕೆಲಸವೇ ಆಯಿತು. ಯಾರಿಗೋ ಟ್ಯಾಕ್ಸಿ ಕಾಯುತ್ತಿರುವವನ ಹಾಗಲ್ಲ, ಒಂದು ದೀಪವನ್ನು ಆರದಂತೆ ನೋಡಿಕೊಳ್ಳುವವನ ಹಾಗೆ ನಿಲ್ಲುತ್ತಿದ್ದೆ.

ಆಮೇಲೆ ಸರ್ಕಾರ ದೊಡ್ಡದನ್ನೂ ಚಿಕ್ಕದನ್ನೂ ಸೇರಿಸಿಬಿಟ್ಟಿತು. ನಿಲ್ದಾಣವೂ ಊರಾಚೆ ಯಲಹಂಕದ ದಿಕ್ಕಿಗೆ, ನಮ್ಮ ಕಡೆಗೇ ಬಂತು. ರಸ್ತೆಯವರೆಲ್ಲ ನಮ್ಮ ಭಾಗ್ಯ ಕೊಂಡಾಡಿದರು. ನನಗೆ ಚಿಂತೆಯಾಯಿತು. ಎರಡು ವಿಮಾನಗಳ ಜಾಗದಲ್ಲಿ ಸಂಜೆಗೆ ಒಂದೇ ವಿಮಾನ. ಯಾವ ಧರ್ಮದವರೂ ಅದನ್ನೇ ಹತ್ತಬೇಕು.

ಮೊದಲ ಸಲ ಇಬ್ಬರೂ ಒಂದೇ ಸಾಲಿನಲ್ಲಿ ಕೂತು ಬೊಂಬಾಯಿಯಿಂದ ಹೊರಟೆವು. ಪೆಪ್ಪರಮೆಂಟೂ ಇಲ್ಲ, ಕರವಸ್ತ್ರವೂ ಇಲ್ಲ. ಅವರು ಜೇಬಿನಿಂದ ತಮ್ಮದೇ ಪೊಟ್ಟಣವೊಂದನ್ನು ತೆಗೆದು ಹರಿದು, ಮುಖ ಒರೆಸಿಕೊಂಡರು. ಕೈಚೀಲ ಬಿಟ್ಟು ಬೇರೇನನ್ನೂ ಒಯ್ಯದ ಮನುಷ್ಯ, ಅಂದು ಆ ಬಡಕಲು ಚೀಲವನ್ನೇ ಕೌಂಟರಿನಲ್ಲಿ ಲಗೇಜಿಗೆ ಹಾಕಿದ್ದರು. ವಯಸ್ಸಾಯಿತು, ತೂಕ ಹೊರಲಾರರೇನೋ ಎಂದುಕೊಂಡಿದ್ದೆ. ಇಳಿದ ಮೇಲೆ ಲಗೇಜು ಬರುವ ಪಟ್ಟಿಯ ಹತ್ತಿರ ನಿಂತು, ನನ್ನ ಮುಖ ನೋಡದೆ ಹೇಳಿದರು:

"ನಂದು ಬರೋದು ಸ್ವಲ್ಪ ತಡ ಆಗತ್ತೆ. ನೀವು ಹೊರಗೆ ಹೋಗಿರಿ ಸ್ವಾಮಿ."

ಹೋದೆ. ಬಾಗಿಲಾಚೆ ಒಂದು ಕಂಬ ಆರಿಸಿಕೊಂಡೆ. ಗಾಜಿನಾಚೆ ಅವರು ಕಾಣುತ್ತಿದ್ದರು. ಚೀಲ ಬಂತು, ಅವರ ಮುಂದೆಯೇ ಹಾದು ಹೋಯಿತು. ಅವರು ಕೈ ಹಾಕಲಿಲ್ಲ. ಮತ್ತೆ ಸುತ್ತಿ ಬಂತು. ಮತ್ತೆ ಬಿಟ್ಟರು. ಎಲ್ಲರೂ ಖಾಲಿಯಾದ ಮೇಲೆ, ಮೂಕ ಪ್ರಾಣಿಯ ಹಾಗೆ ಒಂಟಿಯಾಗಿ ಸುತ್ತುತ್ತಿದ್ದ ಅದನ್ನು ಎತ್ತಿಕೊಂಡು ಹೊರಟರು. ಕತ್ತು ಉದ್ದಮಾಡಿ ಹುಡುಕಿದರು. ಮುಖ ಸಡಿಲವಾಯಿತು.

"ತುಂಬ ಹೊತ್ತಾಯ್ತಾ ಬಂದು?"

ಈಗಷ್ಟೇ ಬಂದೆ ಸಾರ್, ಅಂದೆ. ಅಲ್ಲಿಂದ ಮುಂದಿನ ವರ್ಷಗಳೆಲ್ಲ ಹಾಗೇ ನಡೆಯಿತು.

ಅವರು ಹೋದ ದಿನ ನಾನು ಬೊಂಬಾಯಿಯಲ್ಲಿದ್ದೆ. ಬೆಳಿಗ್ಗೆ ಎದೆ ಹಿಡಿದುಕೊಂಡಿತಂತೆ. ಹೆಬ್ಬಾಳದ ಆಸ್ಪತ್ರೆಗೆ ಸೇರಿಸುವಷ್ಟರಲ್ಲಿ ಮುಗಿದಿತ್ತಂತೆ. ಹೆಂಡತಿ ಫೋನಿನಲ್ಲಿ ಹೇಳಿದಳು. ಸಂಜೆಯ ವಿಮಾನದಲ್ಲಿ ಬಂದಿಳಿದವನು ನೇರವಾಗಿ ಅವರ ಮನೆಗೆ ಹೋಗಬೇಕಿತ್ತು. ಕಾಲುಗಳು ಕಂಬದ ಹತ್ತಿರ ನಿಂತವು. ಜನ ಬಂದರು, ಹೋದರು. ಇದೇನು ಹುಚ್ಚು ಎಂದು ನನಗೇ ನಾನು ಗಂಭೀರವಾಗಿ ಬುದ್ಧಿ ಹೇಳಿಕೊಳ್ಳುತ್ತಿರುವಾಗ ಆ ವಾಸನೆ ಬಂತು… ನಿಂಬೆ, ಕಲೋನ್. ಯಾರೋ ಅಪರಿಚಿತ ಯಜಮಾನರು ಕತ್ತು ಒರೆಸಿಕೊಳ್ಳುತ್ತ ಹಾದುಹೋದರು. ಅವರನ್ನು ಕಾಯುವವರು ಇದ್ದರು, ಕೈ ಬೀಸಿದರು.

ಈಗ ಎದುರುಮನೆ ಇಲ್ಲ. ಆ ಜಾಗದಲ್ಲಿ ನಾಲ್ಕು ಅಂತಸ್ತಿನ ಪಿ.ಜಿ. ನಿಂತಿದೆ. ಗೇಟಿನ ಮೇಲೆ ಒಂದು ದೀಪ. ಯಾರಾದರೂ ಹತ್ತಿರ ಬಂದರೆ ತಾನೇ ಹತ್ತುತ್ತದೆ, ಹೋದರೆ ತಾನೇ ಆರುತ್ತದೆ. ದೊಡ್ಡದೂ ಚಿಕ್ಕದೂ ಸೇರಿ ಆದ ಆ ಒಂದು ಸಂಸ್ಥೆಯನ್ನೂ ಸರ್ಕಾರ ಮಾರಿತು. ನಾನೂ ನಿವೃತ್ತನಾದೆ. ಬೊಂಬಾಯಿಯಲ್ಲಿರುವ ಮಗಳ ಮನೆಗೆ ಹೋಗಿಬರುವುದಷ್ಟೇ ನನ್ನ ಈಗಿನ ವಿಮಾನಯಾನ. ಮೊನ್ನೆಯೂ ಇಳಿದವನು ಕಂಬದ ಬಳಿ ನಿಂತಿದ್ದೆ. ಕ್ಯಾಬಿನವನು ಎರಡು ಸಲ ಫೋನು ಮಾಡಿದ್ದ. ಫ್ಲೈಓವರಿನ ಮೇಲೆ, ಕತ್ತು ಒರೆಸಿಕೊಂಡಾದ ಮೇಲೆ ಕೇಳಿದ: "ಇನ್ಯಾರಾದ್ರೂ ಬರೋರಿದ್ರಾ ಸಾರ್?"

ಇಲ್ಲಪ್ಪ, ಅವರು ಮೊದಲೇ ಬಂದಾಯಿತು ಅಂದೆ. ಹೇಳಿದ ಮೇಲೆ ನನಗೇ ಅದರ ಅರ್ಥ ಆಯಿತು. ಅಷ್ಟು ವರ್ಷಗಳಲ್ಲಿ ಒಮ್ಮೆಯೂ ಮೊದಲು ಇಳಿಯದ ಮನುಷ್ಯ, ಇದೊಂದು ಸಲ ಇಳಿದುಬಿಟ್ಟಿದ್ದಾರೆ. ಕಾನೂನು ಅವರದೇ. ಎಲ್ಲೋ ಒಂದು ಕಂಬದ ಬಳಿ, ಬಡಕಲು ಚೀಲ ಕಾಲಸಂದಿಯಲ್ಲಿಟ್ಟುಕೊಂಡು ನಿಂತಿರಬೇಕು. ಪಾಪ, ಕಾದು ಅಭ್ಯಾಸವಿಲ್ಲ.

ಮನೆಯ ಮುಂದೆ ಇಳಿದೆ. ಕ್ಯಾಬು ಹೋಯಿತು. ರಸ್ತೆಯಲ್ಲಿ ಯಾರೂ ಇರಲಿಲ್ಲ. ನಾನಿನ್ನೂ ಈ ಬದಿಯಲ್ಲೇ ಇದ್ದೆ. ಎದುರಿನ ಗೇಟಿನ ದೀಪ ಹತ್ತಿಕೊಂಡಿತು.

"ತುಂಬ ಹೊತ್ತಾಯ್ತಾ ಸಾರ್ ಬಂದು?" ಅಂದೆ, ಮೆಲ್ಲಗೆ.

ದೀಪ ಒಂದಿಷ್ಟು ಹೊತ್ತು ಉರಿದು, ಆರಿತು.