ಹದಿನೆಂಟು ಹಳದಿ ಕ್ವಾರ್ಟರ್‌ಗಳು

ದೆವ್ವ, ಶಕುನ, ಪವಾಡ ಎಂದು ಯಾರಾದರೂ ಶುರು ಮಾಡಿದರೆ ಎದ್ದು ಕಾಫಿಗೆ ನೀರಿಡಲು ಹೋಗುವ ಜಾತಿಯವನು ನಾನು. ಕೆಮಿಕಲ್ ಎಂಜಿನಿಯರ್, ಅಳೆಯಲು ಬಾರದ್ದನ್ನು ನಂಬುವುದಿಲ್ಲ ಎಂದು ಜಂಬ ಕೊಚ್ಚಿಕೊಂಡವನು. ಈಗಲೂ ನಂಬುತ್ತೇನೆಂದು ಹೇಳಲಾರೆ. ಆದರೆ ಎಪ್ಪತ್ತರ ದಶಕದ ಕೊನೆಯಲ್ಲಿ, ಅಟ್ಲಾಂಟಿಕ್ ಸಿಟಿಯಲ್ಲಿ ಕಾಸಿನೋ ಹೊಸದಾಗಿ ಬಾಗಿಲು ತೆರೆದಿದ್ದ ಕಾಲದಲ್ಲಿ, ನನಗಾದದ್ದನ್ನು ಆದ ಹಾಗೆಯೇ ಹೇಳುತ್ತೇನೆ. ನಗುವುದಾದರೆ ನಗಿ.

ಆಗ ನಾವಿದ್ದದ್ದು ವುಡ್‌ಬ್ರಿಡ್ಜ್‌ನ ಒಂದು ಸಣ್ಣ ಅಪಾರ್ಟ್‌ಮೆಂಟಿನಲ್ಲಿ. ಎರಡು ಸಲ ಗರ್ಭ ನಿಲ್ಲದೆ ಹೋಗಿ, ಮೂರನೆಯ ಸಲ ನನ್ನ ಹೆಂಡತಿ ಶಾರದೆಗೆ ಆರನೇ ತಿಂಗಳು ನಡೆಯುತ್ತಿತ್ತು. ಈ ಮಗುವಾದರೂ ಉಳಿಯಲೆಂದು ಅವಳು ತಿರುಪತಿ ತಿಮ್ಮಪ್ಪನಿಗೆ ಮುಡಿಪು ಕಟ್ಟಿದ್ದಳು. ಪ್ರತಿ ಶನಿವಾರ ತಲೆಗೆ ನೀರೆರೆದುಕೊಂಡು, ಒಂದು ಕ್ವಾರ್ಟರಿಗೆ, ಅಂದರೆ ಕಾಲು ಡಾಲರಿನ ನಾಣ್ಯಕ್ಕೆ, ಅರಿಶಿನ ಹಚ್ಚಿ, ಅರಿಶಿನದಲ್ಲಿ ಅದ್ದಿದ ನನ್ನ ಹಳೇ ಪಂಚೆಯ ತುಂಡಿನಲ್ಲಿ ಗಂಟು ಹಾಕುತ್ತಿದ್ದಳು. ಬಟ್ಟೆಯ ಮೂಲೆಯಲ್ಲಿ ನನ್ನ ಪೆನ್ನು ಸೋರಿದ ನೀಲಿ ಕಲೆಯಿತ್ತು. ಹದಿನೆಂಟು ಶನಿವಾರ, ಹದಿನೆಂಟು ನಾಣ್ಯ.

ವೈನ್‌ಲ್ಯಾಂಡಿನಲ್ಲಿದ್ದ ನಮ್ಮ ಮೈಸೂರಿನ ಡಾಕ್ಟರೊಬ್ಬರು ಊರಿಗೆ ಹೊರಟಿದ್ದರು. ತಿರುಪತಿಗೂ ಹೋಗುವವರಿದ್ದರು. ಭಾನುವಾರ ಬೆಳಿಗ್ಗೆ ಶಾರದೆ ಗಂಟನ್ನು ನನ್ನ ಕೈಗಿಟ್ಟಳು. "ರೀ, ಹೆರಿಗೆಗೆ ಮೊದಲೇ ಹುಂಡಿಗೆ ಬಿದ್ದುಬಿಟ್ರೆ ನನಗೆ ನೆಮ್ಮದಿ. ಎರಡು ಗಂಟೆಗೆ ಅವರು ಏರ್‌ಪೋರ್ಟಿಗೆ ಹೊರಡ್ತಾರಂತೆ, ಅಷ್ಟರೊಳಗೆ ಕೊಟ್ಟು ಬನ್ನಿ." ಕೋಟಿನ ಒಳಜೇಬಿಗೆ ಹಾಕಿಕೊಂಡದ್ದು, ಡ್ರೈವ್ ಮಾಡುವಾಗ ಅದು ಎದೆಗೆ ಒತ್ತುತ್ತಿದ್ದದ್ದು, ಚೆನ್ನಾಗಿ ನೆನಪಿದೆ.

ಬೇಗ ಹೊರಟಿದ್ದೆ. ಎಲ್ಲರೂ ಮಾತಾಡುವ ಆ ಕಾಸಿನೋವನ್ನು ಒಂದು ಗಂಟೆ ನೋಡಿ ಹೋಗೋಣವೆಂದು ಕಾರನ್ನು ಅಟ್ಲಾಂಟಿಕ್ ಸಿಟಿ ಕಡೆ ತಿರುಗಿಸಿದೆ. ಅಲ್ಲಿ ಕಲಿತ ಪಾಠಗಳನ್ನು ಬೇಕಾದರೆ ಕೇಳಿ. ಕೈಗಡಿಯಾರ ಕಟ್ಟಿಕೊಂಡು ಹೋಗಿ. ಒಳಗೆ ಗೋಡೆ ಗಡಿಯಾರವಿಲ್ಲ, ಕಿಟಕಿಯಿಲ್ಲ, ಹೊತ್ತು ಹೋದದ್ದೇ ತಿಳಿಯುವುದಿಲ್ಲ. ಹಸಿದ ಹೊಟ್ಟೆಯಲ್ಲಿ ಹೋಗಬೇಡಿ. ವಾಪಸು ಬರುವಾಗಿನ ಟೋಲ್ ಚಿಲ್ಲರೆಯನ್ನು ಕಾರಿನಲ್ಲೇ ಬಿಟ್ಟಿರಿ. ಎಲ್ಲಕ್ಕಿಂತ ಹೆಚ್ಚಾಗಿ, ನಿಮ್ಮದಲ್ಲದ್ದನ್ನು ಜೇಬಿನಲ್ಲಿಟ್ಟುಕೊಂಡು ಒಳಗೆ ಕಾಲಿಡಬೇಡಿ. ಇವುಗಳಲ್ಲಿ ನಾನು ಪಾಲಿಸಿದ್ದು ಟೋಲಿನದೊಂದೇ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ನನ್ನ ದುಡ್ಡೆಲ್ಲ ಕರಗಿದ ಮೇಲೆ ಗಂಟು ಬಿಚ್ಚಿದೆ. ದೇವರ ದುಡ್ಡು ಸೋಲುವುದಿಲ್ಲ, ಗೆದ್ದರೆ ಹುಂಡಿಗೆ ಎರಡರಷ್ಟು ಹಾಕಿಸೋಣ ಎಂದುಕೊಂಡೆ. ದೇವರನ್ನೇ ನಂಬದವನು ಅವನನ್ನು ಜೂಜಿನ ಪಾಲುದಾರ ಮಾಡಿಕೊಂಡೆ ನೋಡಿ! ಮೊದಲ ನಾಣ್ಯವನ್ನು, ಕಾಸು ಹಾಕಿ ಹಿಡಿ ಎಳೆಯುವ ಆ ಜೂಜಿನ ಯಂತ್ರ ಹೊರಗೆ ಉಗುಳಿತು. ಅದರ ಅರಿಶಿನ ಒರೆಸಿ ಮತ್ತೆ ಹಾಕಿದೆ. ಒಂದೊಂದಾಗಿ ಹದಿನೆಂಟೂ ಹೋದವು. ಪಕ್ಕದ ಯಂತ್ರದ ಮುದುಕಿ ನನ್ನ ಬೆರಳುಗಳನ್ನು ನೋಡಿ, "ಮನೆಗೆ ಪೇಂಟ್ ಹೊಡೀತಿದ್ಯಾ, ಮರಿ?" ಎಂದು ಇಂಗ್ಲಿಷಿನಲ್ಲಿ ಕೇಳಿ ನಕ್ಕಳು. ಹೊರಗೆ ಬಂದರೆ ಬಿಸಿಲು ಇಳಿದಿತ್ತು. ಡಾಕ್ಟರು ಹೊರಟುಹೋಗಿ ಎಷ್ಟೋ ಹೊತ್ತಾಗಿತ್ತು. ನೀಲಿ ಕಲೆಯ ಬಟ್ಟೆಯನ್ನು ಸಮುದ್ರದ ಬದಿಯ ಕಸದ ಡಬ್ಬಿಗೆ ಹಾಕಿ ಕಾರು ಹತ್ತಿದೆ.

ಮನೆ ಸೇರುವವರೆಗೂ 'ಕೊಟ್ಟೆ' ಎಂಬ ಒಂದು ಸುಳ್ಳನ್ನು ಬಾಯಲ್ಲಿಟ್ಟುಕೊಂಡು ಬಂದೆ. ಬಾಗಿಲು ತೆಗೆದ ಶಾರದೆ ಅಳುವ ಹಾಗಿದ್ದಳು.

"ಏನ್ರೀ ನೀವು, ಮುಡಿಪು ಇಲ್ಲೇ ಬಿಟ್ಟು ಹೋಗಿದ್ದೀರಲ್ಲ! ನಿಮ್ಮ ಕೈಗೇ ಕೊಟ್ಟೆ ಅಂದ್ಕೊಂಡಿದ್ದೆ. ಈಗ ದೀಪ ಹಚ್ಚೋಕೆ ಹೋದ್ರೆ ದೇವರ ಮುಂದೇ ಇದೆ."

ಅಡಿಗೆಮನೆಯ ಕಪಾಟಿನಲ್ಲಿ, ತಿಮ್ಮಪ್ಪನ ಪಟದ ಮುಂದೆ, ಗಂಟು ಇತ್ತು. ಮೂಲೆಯಲ್ಲಿ ಅದೇ ನೀಲಿ ಕಲೆ. ಅದನ್ನು ಮುಟ್ಟುವ ಮೊದಲು ನನ್ನ ಕೈ ನೋಡಿಕೊಂಡೆ. ಬೆರಳ ತುದಿಗಳು ಹಳದಿಯಾಗಿಯೇ ಇದ್ದವು. ಅವಳು ಊಟಕ್ಕೆ ತಟ್ಟೆ ಹಾಕಲು ಹೋದಾಗ ಗಂಟು ಬಿಚ್ಚಿ ಎಣಿಸಿದೆ. ಹದಿನೆಂಟು. ಹದಿನೇಳಕ್ಕೆ ಅರಿಶಿನವಿತ್ತು. ಒಂದನ್ನು ಮಾತ್ರ ಯಾರೋ ಒರೆಸಿದ್ದರು.

ನಾಚಿಕೆ ಬಿಟ್ಟು ಹೇಳುತ್ತೇನೆ, ಆಗ ನನಗಾದದ್ದು ಭಯಕ್ಕಿಂತ ಹೆಚ್ಚಾಗಿ ಸಮಾಧಾನ. ಸಿಕ್ಕಿಬೀಳದೆ ಬಚಾವಾದೆ ಎಂದುಕೊಂಡೆ. ಅನ್ನ ಸಾರು ಹೊಟ್ಟೆ ತುಂಬ ಉಂಡೆ.

ಮುಂದಿನ ತಿಂಗಳೇ, ದಿನ ತುಂಬದೆ, ಹೆರಿಗೆಯಾಯಿತು. ಹೆಣ್ಣು ಮಗು. ಎರಡು ದಿನ ಗಾಜಿನ ಪೆಟ್ಟಿಗೆಯಲ್ಲಿದ್ದಳು. ನಮಗೆ ಮತ್ತೆ ಮಕ್ಕಳಾಗಲಿಲ್ಲ.

ನಾನು ಅಲ್ಲಿಗೆ ಹೋಗಿಯೇ ಇರಲಿಲ್ಲವೇ ಎಂದು ಎಷ್ಟೋ ಸಲ ಯೋಚಿಸಿದ್ದೇನೆ. ಹೋಗದಿದ್ದರೆ ಪರ್ಸು ಹೇಗೆ ಖಾಲಿಯಾಯಿತು? ತಿಮ್ಮಪ್ಪ ನನ್ನ ಮೇಲೆ ಕರುಣೆಯಿಂದ ಗಂಟನ್ನು ಹಿಂದಕ್ಕೆ ಕೊಟ್ಟನೋ, ನಿನ್ನ ಮುಡಿಪು ನನಗೆ ಬೇಡ ಎಂದು ಹಿಂದಕ್ಕೆ ಎಸೆದನೋ, ಇಷ್ಟು ವರ್ಷವಾದರೂ ನನಗೆ ತಿಳಿದಿಲ್ಲ. ತಿಳಿಯುವ ದಾರಿಯೂ ಇಲ್ಲ. ಅದನ್ನು ತಿರುಪತಿಗೆ ಕಳಿಸಲು ಆಮೇಲೆ ಶಾರದೆ ಒಪ್ಪಲಿಲ್ಲ. ಈಗಲೂ ನಮ್ಮ ಮನೆಯಲ್ಲೇ ಇದೆ. ವರ್ಷಕ್ಕೊಮ್ಮೆ, ಮಗು ಹುಟ್ಟಿದ ದಿನ, ಅದನ್ನು ಮಡಿಲಲ್ಲಿಟ್ಟುಕೊಂಡು ಕೂರುತ್ತಾಳೆ.

"ಅವತ್ತು ನೀವು ಮರೀದೆ ತಗೊಂಡು ಹೋಗಿದ್ರೆ, ಅವಳು ಉಳೀತಿದ್ಲೇನೋ ರೀ," ಎನ್ನುತ್ತಾಳೆ.

"ಹೌದು ಶಾರದಾ, ಮರೆತುಬಿಟ್ಟೆ," ಎನ್ನುತ್ತೇನೆ.